ತಡೆಯಾಜ್ಞೆಯ ಮರುದಿನ

ಗಾಂಜಾ ಜಾತಿಯ ಹೆಂಪ್ ಗಿಡದ ಬೀಜದ ಎಣ್ಣೆ ಮಾರುವಂತಿಲ್ಲ ಎಂಬ ಸರ್ಕಾರದ ನಿಯಮದ ವಿರುದ್ಧ ವ್ಯಾಪಾರಿಗಳ ಸಂಘ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತ್ತು. ಗೆದ್ದ ಖುಷಿಗೆ ಸಂಘದವರು ಪಟಾಕಿ ಹೊಡೆದ ಮರುದಿನವೇ ಪಂಕಜಮ್ಮನ ಅಂಗಡಿಗೆ ಬೀಗ ಜಡಿಯಲು ಅಧಿಕಾರಿ ಬಂದ.

“ಹೈಕೋರ್ಟ್ ಸ್ಟೇ ಕೊಟ್ಟಿರೋದು ಗೊತ್ತಿಲ್ವೇನ್ರೀ ನಿಮಗೆ?” ಪಂಕಜಮ್ಮ ಸಿಡಿದಳು.

“ಗೊತ್ತಮ್ಮ. ಅದು ಸಂಘದ ಮೆಂಬರುಗಳಿಗೆ ಮಾತ್ರ.”

“ನಾನ್ಯಾರು ಮತ್ತೆ? ಸಂಘ ಕಟ್ಟಿದೋಳೇ ನಾನು! ಧರಣಿ ಕೂತಾಗ ಪೊಲೀಸರ ಲಾಠಿ ಏಟು ತಿಂದೋಳು ನಾನು!”

ಅಧಿಕಾರಿಯ ಕೈಲಿದ್ದ ಬೀಗ ಕಂಡ ಗಿರಾಕಿಗಳು ಎಣ್ಣೆಗೆಂದು ತಂದ ಖಾಲಿ ಬಾಟಲಿ ಹಿಡಿದು ಎದುರಿನ ಅಂಗಡಿಗೆ ದಾಟಿದರು.

“ಅಗೋ, ಆ ಅಂಗಡಿಯವರೇ ನಮ್ಮ ಅಧ್ಯಕ್ಷರು. ಹೋಗಿ ಕೇಳಿ, ನಾನು ಮೆಂಬರೋ ಅಲ್ವೋ ಅಂತ!”

“ಅವರನ್ನ ಕೇಳ್ಕೊಂಡೇ ಬಂದಿದೀನಮ್ಮ. ನಿನ್ನೆ ಪಟಾಕಿ ಹೊಡೆದಾದ್ಮೇಲೆ ನಿಮ್ಮನ್ನ ಸಂಘದಿಂದ ತೆಗೆದ್ರಂತೆ.”