ಚಿಕ್ಕವಳ ಕೈಗುಣ

ಹನ್ನೆರಡು ಗಂಟೆಯ ಬಿಸಿಲಿನಲ್ಲಿ ದೊಡ್ಡ ಸೊಸೆ ತನ್ನ ಶೆಡ್ಡಿನ ಕೋಳಿಗಳನ್ನು ಚಪ್ಪಾಳೆ ತಟ್ಟಿ ಎಬ್ಬಿಸುತ್ತಿದ್ದಳು. ಫೀಡಿಗೆ ನೀರು ಚಿಮುಕಿಸಿ, ಕಲಸಿ, ಸಾಲಾಗಿ ತೂಗುಬಿಟ್ಟ ಫೀಡರ್ ತಟ್ಟೆಗಳಿಗೆ ಎರಡನೇ ಸಲ ಸುರಿದಾಗಿತ್ತು. ಒದ್ದೆ ಫೀಡಿನ ವಾಸನೆಗೆ ಕೆಲವು ಎದ್ದು ಬಂದು ಕುಕ್ಕಿದವು. ಮಿಕ್ಕವು ರೆಕ್ಕೆ ಹರಡಿ, ಕೊಕ್ಕು ತೆರೆದು, ಏದುಸಿರು ಬಿಡುತ್ತ ಕೂತಲ್ಲೇ ಕೂತಿದ್ದವು. “ಏಳ್ರೇ, ತಿನ್ರೇ. ನಿಮ್ಮ ಚಿಕ್ಕಮ್ಮನೇ ಬಂದು ಬಡಿಸಬೇಕಾ?” ಎಂದು ಅವಳು ಕಾಲಿನಿಂದ ಮೆಲ್ಲಗೆ ತಳ್ಳಿದಳು.

ನಾಳೆ ಬೆಳಿಗ್ಗೆ, ಮರಿ ಕೊಡುವ ಕಂಪನಿಯ ಕೋಳಿ ಡಾಕ್ಟರು ತೂಕಕ್ಕೆ ಬರುವವರಿದ್ದರು. ಈ ಬೇಸಿಗೆಗೆ ಮರಿ ಸಾಲದು, ಮುಂದಿನ ಸಲ ಎರಡು ಶೆಡ್ಡುಗಳಲ್ಲಿ ಒಂದಕ್ಕೇ ಮರಿ ಇಳಿಸುವುದು ಎಂದು ಮೊನ್ನೆಯೇ ಹೇಳಿಹೋಗಿದ್ದರು. ಯಾವುದಕ್ಕೆ ಎಂಬುದನ್ನು ನಾಳೆಯ ತೂಕ ಹೇಳಬೇಕು. ಅಂದು ಅವಳ ಕೋಳಿಯನ್ನು ತಕ್ಕಡಿಯ ಕೊಕ್ಕೆಗೆ ತೂಗುಹಾಕಿ, “ಒಂದೂಮುಕ್ಕಾಲು ಕಿಲೋ. ಸೆಕೆಗೆ ಸೊರಗಿವೆ ಅಮ್ಮ” ಎಂದು ಮೆಲ್ಲಗೆ ಹೇಳಿದವರು, ಪಕ್ಕದ ಶೆಡ್ಡಿಗೆ ಹೋಗಿ “ಎರಡೂಕಾಲು!” ಎಂದು ಕೂಗಿದ್ದು ಇಲ್ಲಿಗೇ ಕೇಳಿಸಿತ್ತು. ಪಕ್ಕದ್ದು ಅವಳ ವಾರಗಿತ್ತಿಯದು. ಒಂದೇ ಮನೆ, ಒಂದೇ ಒಲೆ, ಒಂದೇ ದಿನ ಒಂದೇ ಲಾರಿಯಿಂದ ಇಳಿದ ಮರಿಗಳು. ಆದರೂ ಅತ್ತೆ ಬಂದವರಿಗೆಲ್ಲ ಹೇಳುವುದು ಒಂದೇ ಮಾತು: “ಏನೇ ಅನ್ನಿ, ಚಿಕ್ಕವಳ ಕೈಗುಣ.”

ಮೇಲಿಂದ ಬುದ್ಧಿಮಾತು ಬೇರೆ. ಹೋದ ವಾರ ನಲ್ಲಿಯ ಹತ್ತಿರ ಚಿಕ್ಕವಳು, “ಅಕ್ಕ, ಹತ್ತು ಗಂಟೆಗೆಲ್ಲ ಫೀಡರ್ ಮೇಲೆತ್ತಿ ಕಟ್ಟಿಬಿಡು. ಸಂಜೆ ತಂಪಾದ ಮೇಲೆ ಇಳಿಸು. ಈ ಸೆಕೆಯಲ್ಲಿ ತಿಂದ್ರೆ ಮೈ ಇನ್ನೂ ಕಾಯುತ್ತೆ” ಅಂದಿದ್ದಳು. ದೊಡ್ಡವಳು ಹೂಂ ಅಂದಿದ್ದಳು. ನನ್ನವನ್ನು ಹಸಿವಿಗೆ ಕೆಡವಿ ತನ್ನವನ್ನು ಕೊಬ್ಬಿಸುವ ಉಪಾಯ ಎಂದು ಮನಸ್ಸಿನಲ್ಲೇ ಅಂದುಕೊಂಡು, ಫೀಡರುಗಳನ್ನು ಇದ್ದಲ್ಲೇ ಬಿಟ್ಟಿದ್ದಳು.

ಎರಡು ಗಂಟೆಗೆ ಮೊದಲ ಕೋಳಿ ಉರುಳಿತು. ಎಲ್ಲಕ್ಕಿಂತ ದಪ್ಪನೆಯದು, ಬೆಳಿಗ್ಗೆ ಅಂಗೈಯಲ್ಲೇ ತೂಗಿನೋಡಿ ಖುಷಿಪಟ್ಟಿದ್ದಳು. ಅದರ ಕತ್ತಿನ ಕೆಳಗಿನ ಚೀಲ ಫೀಡು ತುಂಬಿ ಗಟ್ಟಿಯಾಗಿತ್ತು. ಆಮೇಲೆ ನಾಲ್ಕು ಹೋದವು. ಆಮೇಲೆ, ದಪ್ಪ ದಪ್ಪನೆಯವೇ, ಒಂದರ ಹಿಂದೊಂದು. ಗಂಡಸರಿಬ್ಬರೂ ಪೇಟೆಗೆ ಹೋಗಿದ್ದರು. ಕೂಗಿದರೆ ಕೇಳುವಷ್ಟು ಹತ್ತಿರ ಇದ್ದವಳು ವಾರಗಿತ್ತಿ ಒಬ್ಬಳೇ. ಅವಳನ್ನು ಕೂಗಲು ದೊಡ್ಡವಳಿಗೆ ಬಾಯಿ ಬರಲಿಲ್ಲ.

“ಅಕ್ಕ, ವಿಟಮಿನ್ ಪುಡಿ ಒಂದು ಪೊಟ್ಟಣ ಮಿಕ್ಕಿದೆ, ನಿನ್ನ ಕೋಳಿಗಳ ನೀರಿಗೆ...” ಕರೆಯದೆಯೇ ಬಂದ ಚಿಕ್ಕವಳ ಮಾತು ಬಾಗಿಲಲ್ಲೇ ನಿಂತಿತು. ಅವಳು ಮೊದಲು ನೋಡಿದ್ದು ಸತ್ತ ಕೋಳಿಗಳನ್ನಲ್ಲ, ತುಂಬಿದ ಫೀಡರುಗಳನ್ನು. ದೊಡ್ಡವಳು ಅದನ್ನು ಗಮನಿಸಿದಳು.

“ಈ ಹೊತ್ತಲ್ಲಿ ಯಾಕಕ್ಕ ಹಾಕಿದೆ?”

“ನೋಡೋಕೆ ಬಂದೆಯಾ? ನೋಡು, ಕಣ್ತುಂಬ ನೋಡು. ಅತ್ತೆಯನ್ನೂ ಕರ್ಕೊಂಡು ಬಾ.”

ಚಿಕ್ಕವಳು ಆಗಲೇ ಫೀಡರುಗಳನ್ನು ಒಂದೊಂದಾಗಿ ಮೇಲೆತ್ತಿ ಕಟ್ಟತೊಡಗಿದ್ದಳು. “ಬೈಯೋದನ್ನ ಆಮೇಲೆ ಬೈಯಿ. ಈಗ ಬಕೆಟ್ ಹಿಡಿ.”

“ನಿನ್ನ ಶೆಡ್ಡು?”

“ಅಲ್ಲಿ ಫ್ಯಾನುಗಳು ದುಡೀತಿವೆ. ಹೆಸರು ಬರೋದು ಮಾತ್ರ ನನ್ನ ಕೈಗುಣಕ್ಕೆ” ಎಂದು ಚಿಕ್ಕವಳು ನಕ್ಕಳು. ಆ ನಗುವಿನಲ್ಲಿ ದೊಡ್ಡವಳು ಕೊಂಕು ಹುಡುಕಿದಳು. ಸಿಗಲಿಲ್ಲ. ಅದು ಇನ್ನಷ್ಟು ಚುಚ್ಚಿತು.

ಇಬ್ಬರೂ ಕೋಳಿಗಳನ್ನು ಎತ್ತೆತ್ತಿ ಕತ್ತಿನವರೆಗೆ ನೀರಿನಲ್ಲಿ ಅದ್ದಿ, ಬಾಗಿಲ ಗಾಳಿಗೆ ಬಿಟ್ಟರು. ಸತ್ತೇಹೋದವು ಅನ್ನಿಸಿದಂಥವೂ ಚಿಕ್ಕವಳ ಕೈಯಲ್ಲಿ ಕಣ್ಣು ಬಿಡುತ್ತಿದ್ದವು. ದೊಡ್ಡವಳ ಕೈಯಲ್ಲೇ ಎರಡು ಕತ್ತು ಚೆಲ್ಲಿದವು. ಅದನ್ನೂ ಅವಳು ಗಮನಿಸಿದಳು.

ಆಗ ಪಕ್ಕದ ಶೆಡ್ಡಿನ ಫ್ಯಾನುಗಳ ಸದ್ದು ನಿಂತದ್ದು ದೊಡ್ಡವಳ ಕಿವಿಗೆ ಬಿತ್ತು. ಕರೆಂಟು ಹೋಗಿತ್ತು. ದೊಡ್ಡವಳದು ಜಾಲರಿ ಗೋಡೆಯ ಶೆಡ್ಡು, ಬಂದಷ್ಟು ಗಾಳಿ ಬರುತ್ತದೆ. ಚಿಕ್ಕವಳದು ನಾಲ್ಕೂ ಕಡೆ ಮುಚ್ಚಿದ್ದು, ಫ್ಯಾನಿನ ಗಾಳಿಯೇ ಗತಿ. ಯಾರಾದರೂ ಹೋಗಿ ಜನರೇಟರ್ ಶುರು ಮಾಡದಿದ್ದರೆ, ಈ ಬಿಸಿಲಿಗೆ ಒಳಗಿನವೆಲ್ಲ ಸಾಯಲು ಕಾಲು ಗಂಟೆ ಸಾಕು. ಬಕೆಟ್ಟಿನ ಮೇಲೆ ಬಾಗಿದ್ದ ಚಿಕ್ಕವಳಿಗೆ ಸುತ್ತಲಿನ ಏದುಸಿರಿನಲ್ಲಿ, ನೀರಿನ ಸದ್ದಿನಲ್ಲಿ, ಏನೂ ಗೊತ್ತಾಗಿರಲಿಲ್ಲ.

ಅವಳು ಸೊಂಟ ನೆಟ್ಟಗೆ ಮಾಡಿಕೊಂಡು ಒದ್ದೆ ಮೊಣಕೈಯಿಂದ ಹಣೆ ಒರೆಸಿಕೊಂಡಳು. “ಇನ್ನು ಭಯ ಇಲ್ಲಕ್ಕ, ಇವು ಬದುಕ್ತವೆ. ನಾನೊಂದ್ಸಲ ಆ ಕಡೆ ನೋಡ್ಕೊಂಡು ಬರ್ಲಾ, ಇಲ್ಲಾ ಇರ್ಲಾ?”

ದೊಡ್ಡವಳು ಮುಖ ಎತ್ತಲಿಲ್ಲ. ಖಾಲಿ ಬಕೆಟ್ಟನ್ನು ಕಾಲಿನಿಂದ ಅವಳ ಕಡೆಗೆ ಸರಿಸಿದಳು.

“ಇರು” ಎಂದಳು. “ಆ ಮೂಲೆಯವು ಬಾಕಿ ಇವೆ.”