ಐದನೇ ಸುತ್ತು

ನಕ್ಷೆಯ ಮೇಲೆ ಓಡಾಡುತ್ತಿದ್ದ ಅತ್ತೆಯ ಬೆರಳು ಐದನೇ ಸುತ್ತಿನಲ್ಲಿ ನಿಂತುಬಿಟ್ಟಿತು. ಸೊಸೆ ಬಗ್ಗಿ ನೋಡಿದಳು.

ಪರ್ಮಾಕಲ್ಚರ್ ಎಂಬ ಸಹಜ ಕೃಷಿಯ ತರಬೇತಿಯಲ್ಲಿ ಕಲಿತಂತೆ ಒಂದೆಕರೆ ತೋಟಕ್ಕೆ ಅವಳೇ ಬರೆದ ನಕ್ಷೆ ಅದು. ಅಡುಗೆಮನೆ ಬಾಗಿಲಿನಿಂದ ಐದು ಸುತ್ತು; ಹೆಚ್ಚು ಸಲ ಹೋಗಬೇಕಾದದ್ದು ಹತ್ತಿರ, ಅಪರೂಪಕ್ಕೆ ಹೋಗುವಂಥದ್ದು ದೂರ. ದಿನಾ ಕಿತ್ತು ತರುವ ಸೊಪ್ಪಿನ ಮಡಿ ಒಂದನೆಯದರಲ್ಲಿ, ಕೋಳಿಗೂಡು ಎರಡನೆಯದರಲ್ಲಿ, ಆಮೇಲೆ ಹಣ್ಣಿನ ಮರ, ಸೌದೆ ಮರ. ಐದನೆಯದು ಯಾರೂ ಕಾಲಿಡದೆ ಕಾಡಿಗೆ ಬಿಟ್ಟ ಜಾಗ. ಹೋದ ತಿಂಗಳು ಒಲೆಯ ಮೇಲೆ ಹಾಲು ಉಕ್ಕಿದ್ದಕ್ಕೆ ಮಾತಿಗೆ ಮಾತು ಬೆಳೆದು, ಅತ್ತೆ ಹಾಸಿಗೆ ಸುತ್ತಿಕೊಂಡು ಹೋಗಿ ಸೇರಿದ್ದ ಪಂಪಿನ ಕೋಣೆಯೂ ಅಲ್ಲೇ ಇತ್ತು.

"ಚೆನ್ನಾಗಿದೆಯಮ್ಮ. ಕೋಳಿಗಿಂತ ಮೂರು ಸುತ್ತು ಆಚೆ ನಾನು."

"ಅಯ್ಯೋ, ನಿಮ್ಮ ಯೋಚನೇನೇ ಬರಲಿಲ್ಲ ಅತ್ತೆ!"

"ಅದನ್ನೇ ಕಣೇ ನಾನೂ ಹೇಳ್ತಿರೋದು."

ಸೊಸೆ ತುಟಿ ಕಚ್ಚಿ ರಬ್ಬರು ಎತ್ತಿಕೊಂಡಳು. ಬಾಗಿಲ ಬಳಿಯ ಸೊಪ್ಪಿನ ಮಡಿಯನ್ನು ಅಳಿಸಿ, ಪಂಪಿನ ಕೋಣೆಯ ಹೊಸ್ತಿಲಿಗೆ ಅಂಟಿಸಿದಂತೆ ಬರೆದಳು. "ಈಗ ದಿನಕ್ಕೆ ನಾಲ್ಕು ಸಲ ನಿಮ್ಮ ಹತ್ತಿರ ಬರಲೇಬೇಕು."

ಅತ್ತೆ ನಕ್ಷೆಯನ್ನೇ ನೋಡಿದರು. "ಅಷ್ಟು ದೂರ ಸೊಪ್ಪಿಗೆ ಬಂದರೆ ಹಾಲು ಮತ್ತೆ ಉಕ್ಕತ್ತೆ," ಎಂದು ಗದರಿ ರಬ್ಬರು ಕಿತ್ತುಕೊಂಡರು. "ಮಡಿ ಮೊದಲಿದ್ದಲ್ಲೇ ಇರಲಿ. ನಡಿ, ಹಾಸಿಗೆ ಹೊತ್ತು ತರೋಣ."