ಮೊಳೆಯಿಂದ ಇಳಿದ ಸ್ವೆಟರ್

ಎರಡು ನಿಮಿಷ ಬಿಡುವಿದ್ದರೆ ಮಾತ್ರ ಓದಿ... ಅವಸರದಲ್ಲಿ ಓದುವ ಕಥೆಯಲ್ಲ ಇದು.

ವನಜಾಕ್ಷಮ್ಮನವರಿಗೆ ಐವತ್ತಾರು ವರ್ಷ. ಗಂಡ ನಂಜುಂಡಯ್ಯ ತೀರಿಕೊಂಡು ಎಂಟು ತಿಂಗಳಾಗಿತ್ತು.

ಆ ಎಂಟು ತಿಂಗಳಲ್ಲಿ ಅವರು ಒಂದು ಹನಿ ಕಣ್ಣೀರು ಹಾಕಿರಲಿಲ್ಲ...

"ಕಲ್ಲು ಮನಸ್ಸು" ಅಂದರು ಬೀದಿಯ ಜನ. ಆಡುವವರ ಬಾಯಿಗೆ ಬೀಗ ಹಾಕೋದಕ್ಕೆ ಆಗುತ್ತದೆಯೇ?

ನಿಜ ಏನೆಂದರೆ, ಅವರಿಗೆ ದುಃಖವೂ ಆಗುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೀನೋ ಇಲ್ಲವೋ ಅನ್ನುವುದು ಉಂಡ ಮೇಲೂ ಗೊತ್ತಾಗುತ್ತಿರಲಿಲ್ಲ.

ತಂಗಿ ಸುಲೋಚನ ನೋಡುವಷ್ಟು ದಿನ ನೋಡಿದಳು. ಕೊನೆಗೆ ಕೈ ಹಿಡಿದು ಎಳೆದುಕೊಂಡು ಹೋಗಿ, ಅರಸೀಕೆರೆ ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿ ಮೇಲಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಿಬಿಟ್ಟಳು.

"ಮನೇಲಿ ಕೂತು ಗೋಡೆ ನೋಡ್ತೀಯಲ್ಲಕ್ಕ, ಅಲ್ಲಿ ಕೂತು ಬೋರ್ಡ್ ನೋಡು... ನಿಂಗೆ ಎರಡೂ ಒಂದೇ."

ಕ್ಲಾಸು ನಡೆಸುತ್ತಿದ್ದವರು ಫಿಲೋಮಿನಾ ಮಿಸ್. ರಿಟೈರ್ಡ್ ಟೀಚರ್.

"ಗೆಟ್ ಅನ್ನೋದು ಒಂಟಿಯಾಗಿದ್ರೆ ಅದಕ್ಕೆ ದಿಕ್ಕೇ ಇಲ್ಲ. ಅಪ್ ಸೇರಿದ್ರೆ ಎದ್ದೇಳುತ್ತೆ. ಆನ್ ಸೇರಿದ್ರೆ ಬಸ್ ಹತ್ತುತ್ತೆ, ಆಫ್ ಸೇರಿದ್ರೆ ಇಳಿಯುತ್ತೆ. ಆ ಪುಟ್ಟ ಪದಾನೇ ದಾರಿ ತೋರ್ಸೋದು. ಜೋಡಿ ತಪ್ಪಿದ್ರೆ ಮುಗೀತು..."

ಯಾರ ಮುಂದೆ ಹೀಗೆ ಹೇಳುತ್ತಿದ್ದೇನೆ ಅನ್ನುವುದು ಮಿಸ್‌ಗೆ ಆಮೇಲೆ ಹೊಳೆಯಿತು. ವನಜಾಕ್ಷಮ್ಮ ಮಾತ್ರ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು.

ಆ ಕ್ಲಾಸಿಗೆ ಒಂದು ಪದ್ಧತಿಯಿತ್ತು. ಹಾರ್ಲಿಕ್ಸ್ ಬಾಟಲಿ ತುಂಬಾ ಚೀಟಿಗಳು. ಒಂದೊಂದರಲ್ಲಿ ಇಂಥದ್ದೊಂದು ಜೋಡಿ ಪದ.

ಎತ್ತಿದ ಚೀಟಿಯಲ್ಲಿದ್ದದ್ದನ್ನು ವಾರವೆಲ್ಲ ಮನೆಯಲ್ಲಿ ಮಾಡಬೇಕು. ಶನಿವಾರ ಮನೆಯಿಂದ ಏನಾದರೂ ವಸ್ತು ತಂದು ಎಲ್ಲರ ಮುಂದೆ ಮಾಡಿ ತೋರಿಸಬೇಕು. ಆಟ ಮುಗಿದ ಮೇಲೆ ಅವರವರ ವಸ್ತು ಅವರವರಿಗೆ ವಾಪಸ್.

ವನಜಾಕ್ಷಮ್ಮನವರಿಗೆ ಮೊದಲ ವಾರಗಳಲ್ಲಿ ಸುಲಭದವೇ ಬಂದವು.

"ಐ ಗೆಟ್ ಅಪ್. ಐ ಸಿಟ್ ಡೌನ್."

"ವೆರಿ ಗುಡ್. ಆಮೇಲೆ?"

"ಆಮೇಲೇನೂ ಇಲ್ಲ ಮಿಸ್. ದಿನಾ ಅಷ್ಟೇ."

ನಾಲ್ಕನೇ ವಾರ ಬಂದ ಚೀಟಿ... ಗಿವ್ ಅವೇ.

"ವಾಪಸ್ ಕೇಳದ ಹಾಗೆ ಕೊಟ್ಟುಬಿಡೋದು" ಅಂತ ಮಿಸ್ ಬಿಡಿಸಿ ಹೇಳಿದರು.

ವಾರವೆಲ್ಲ ಅವರು ಏನೂ ಕೊಡಲಿಲ್ಲ. ಶನಿವಾರ ಮನೆ ಬಾಗಿಲು ಹಾಕುವಾಗಲೇ ನೆನಪಾಗಿದ್ದು. ಬಾಗಿಲ ಹಿಂದಿನ ಮೊಳೆಯಲ್ಲಿ ನಂಜುಂಡಯ್ಯನವರ ಕಂದು ಸ್ವೆಟರ್ ನೇತಾಡುತ್ತಿತ್ತು.

ವನಜಾಕ್ಷಮ್ಮನೇ ಹೆಣೆದದ್ದು. ಕಂದು ಉಲ್ಲನ್ ಸಾಲದೆ ಮೊಣಕೈ ಹತ್ತಿರ ಹಸಿರು ಹಾಕಿದ್ದರು. ಎಂಟು ತಿಂಗಳಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಕೈಗೆ ಸಿಕ್ಕಿತು, ಚೀಲಕ್ಕೆ ತುರುಕಿದರು. ಅಷ್ಟೇ.

ಕ್ಲಾಸಿನಲ್ಲಿ ಪಕ್ಕದ ಕುರ್ಚಿ ಯೋಗೀಶನದು. ಟ್ಯಾಕ್ಸಿ ಡ್ರೈವರ್. ಬೆಳಗಿನ ಟ್ರೇನಿಗೆ ಬರುವ ಟೂರಿಸ್ಟ್‌ಗಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗುವವನು.

ಅವನ ಮಡಿಲಲ್ಲಿ ಸ್ವೆಟರ್ ಇಟ್ಟು "ಐ ಗಿವ್ ಅವೇ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಯೋಗೀಶ ಅದನ್ನು ಮಡಚಿ ವಾಪಸ್ ಹಿಡಿದ. "ತಗೊಳಿ ಅಕ್ಕ, ಆಟ ಮುಗೀತಲ್ಲ."

"ಕೊಟ್ಟಾಯ್ತಲ್ಲಪ್ಪ."

ಮಿಸ್ ಗಾಬರಿಯಿಂದ ಎದ್ದು ಬಂದರು. "ವನಜಾಕ್ಷಮ್ಮ, ಅದು ನಿಮ್ಮ ಯಜಮಾನ್ರದ್ದಲ್ವಾ?"

"ಹೂಂ ಮಿಸ್. ಅವ್ರದ್ದೇ."

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ಒಳಗೆ ಏನೂ ಆಗಲಿಲ್ಲ. ಮನೆಗೆ ಬಂದು ಖಾಲಿ ಮೊಳೆ ನೋಡಿದಾಗಲೂ ಏನೂ ಆಗಲಿಲ್ಲ...

ಮುಂದಿನ ಶನಿವಾರ ಅವರ ಚೀಟಿಯಲ್ಲಿ ಇದ್ದದ್ದು ಕಮ್ ಇನ್. ಅವತ್ತು ಕ್ಲಾಸಿನ ಬಾಗಿಲು ತಟ್ಟಿದವರಿಗೆಲ್ಲ ಬಾಗಿಲು ತೆಗೆದು "ಕಮ್ ಇನ್" ಅನ್ನಬೇಕು.

ಐದು ಜನಕ್ಕೆ ಹೇಳಿದರು. ಆರನೆಯ ಸಲ ಬಾಗಿಲು ತೆಗೆದರೆ...

ಕಂದು ಸ್ವೆಟರ್. ಮೊಣಕೈಯಲ್ಲಿ ಹಸಿರು.

ಯೋಗೀಶ ಸಂಕೋಚದಿಂದ ನಿಂತಿದ್ದ. "ಬಯ್ಬೇಡಿ ಅಕ್ಕ. ವಾಪಸ್ ಕೊಡಾನ ಅಂತ ಕಾರಲ್ಲೇ ಇಟ್ಟಿದ್ದೆ. ಗುರುವಾರ ಟ್ರೇನು ಲೇಟು, ಚಳಿ ತಡೀಲಿಲ್ಲ, ಹಾಕ್ಕೊಂಬುಟ್ಟೆ. ಹನ್ನೊಂದು ವರ್ಷದಿಂದ ಆ ಪ್ಲಾಟ್‌ಫಾರಂನಲ್ಲಿ ನಿಲ್ತೀನಿ... ನಡುಗದೇ ನಿಂತಿದ್ದು ಅವತ್ತೊಂದೇ ದಿನ."

ವನಜಾಕ್ಷಮ್ಮ ಅವನ ಮುಖ ನೋಡುತ್ತಿರಲಿಲ್ಲ. ಸ್ವೆಟರಿನ ಎರಡನೇ ಗುಂಡಿ ನೋಡುತ್ತಿದ್ದರು.

"ಈ ಗುಂಡಿ..."

"ಬಿದ್ದೋಗಿತ್ತು. ನಮ್ಮನೆಯವ್ಳು ನೋಡಿದ್ ತಕ್ಷಣ ಹೊಲ್ದ್ಲು. ಕಂದು ದಾರ ಇರ್ಲಿಲ್ಲ, ಕೆಂಪು ದಾರ್ದಲ್ಲೇ ಹಾಕವ್ಳೆ."

ವನಜಾಕ್ಷಮ್ಮ ಎರಡು ಬೆರಳಲ್ಲಿ ಆ ಗುಂಡಿಯನ್ನು ಹಿಡಿದುಕೊಂಡರು.

"ಎರಡು ಚಳಿಗಾಲ ಕೇಳಿದ್ರಪ್ಪ... ವನಜಾ, ಒಂದು ಗುಂಡಿ ಹಾಕ್ಕೊಡು ಅಂತ. ನಾಳೆ ಹಾಕ್ತೀನಿ, ನಾಳೆ ಹಾಕ್ತೀನಿ ಅಂತಾನೇ ಇದ್ದೆ..."

ಎಂಟು ತಿಂಗಳು ಬಾರದ ಅಳು ಆ ಬಾಗಿಲಲ್ಲಿ ಬಂತು. ಮಿಸ್ ಪಾಠ ನಿಲ್ಲಿಸಿದರು.

ಯೋಗೀಶ ಸ್ವೆಟರ್ ಬಿಚ್ಚಲು ಹೋದ. ವನಜಾಕ್ಷಮ್ಮ ಅವನ ಕೈ ತಡೆದರು. ಉದ್ದವಾಗಿದ್ದ ತೋಳನ್ನು ಎರಡು ಮಡಿಕೆ ಮಡಚಿದರು.

"ತೋಳು ಉದ್ದ ಆಯ್ತು ನಿಂಗೆ. ಕ್ಲಾಸ್ ಮುಗಿದ ಮೇಲೆ ಮನೆಗೆ ಬಾ, ಬಿಚ್ಚಿ ಸರಿ ಮಾಡ್ಕೊಡ್ತೀನಿ. ಇವತ್ತೇ... ನಾಳೆ ಅನ್ನಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲಿಂದ ಪಕ್ಕಕ್ಕೆ ಸರಿದರು.

"ಕಮ್ ಇನ್" ಅಂದರು.

ಅವತ್ತು ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಜಾಸ್ತಿಯಾಗಿದ್ದು ಅವರಿಗೆ ಗೊತ್ತಾಯಿತು.

*

ಹೋದವರ ಬಟ್ಟೆ ಮೊಳೆಯ ಮೇಲಿದ್ದರೆ ಧೂಳು ಹಿಡಿಯುತ್ತದೆ... ಇನ್ನೊಬ್ಬರ ಮೈಮೇಲಿದ್ದರೆ ಬೆಚ್ಚಗಿರುತ್ತದೆ.

ನಿಮ್ಮ ಜೊತೆ ಇನ್ನೂ ಇರುವವರ ಯಾವ ಗುಂಡಿಯನ್ನು ನೀವು ನಾಳೆಗೆ ಅಂತ ಇಟ್ಟಿದ್ದೀರಿ?